ಹಲ್ಲಿಗೆ ಎರಡನೇ ಕೈ

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ನನ್ನ ಹಲ್ಲಿನ ದವಾಖಾನೆಗೆ ಆಗ ಬರುತ್ತಿದ್ದವರು ಎರಡೇ ಬಗೆ. ಹಲ್ಲು ಕೀಳಿಸಿಕೊಳ್ಳುವವರು, ಕೀಳಿಸಿಕೊಂಡು ಬೊಚ್ಚುಬಾಯಿಯಾದ ಮೇಲೆ ಕಟ್ಟಿಸಿಕೊಳ್ಳುವವರು. ನೋವಿಲ್ಲದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾಗಾಗಿ, ಮಹಾನವಮಿಗೆ ಇನ್ನೂ ಮೂರು ವಾರವಿದ್ದ ಒಂದು ಮಂಗಳವಾರ, ಜವನಗೊಂಡನಹಳ್ಳಿ ಕಡೆಯ ಒಂದು ಕುರಿಹಟ್ಟಿಯಿಂದ ಬಂದ ಅತ್ತೆ ಸೊಸೆ ಇಬ್ಬರು ಬೆಂಚಿನ ತುದಿಯಲ್ಲಿ ಕೂತಾಗ ವಾಡಿಕೆಯ ಪ್ರಶ್ನೆಯನ್ನೇ ಕೇಳಿದೆ.

"ಯಾವ ಹಲ್ಲವ್ವ ನೋಯೋದು?"

ಸೊಸೆ ಅತ್ತೆಯ ಕಡೆ ನೋಡಿದಳು. ಸೆರಗು ಬಾಯಿಗೆ ಅಡ್ಡವಾಗಿತ್ತು. ಅತ್ತೆ, ಬಾಯೊಳಗಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ ಹೇಳಿದಳು:

"ನೋವು ಗೀವು ಏನಿಲ್ಲ ಸಾಮಿ. ಕಲ್ಲು ಕೊಟ್ರೂ ಕಡೀತಾಳೆ, ಅಂಥಾ ಗಟ್ಟಿ ಅವೆ. ಅವನ್ನ ಬೆಳ್ಳಗೆ ಮಾಡ್ಕೊಡ್ಬೇಕಂತೆ ನಿಮ್ಮತ್ರ."

ನನ್ನ ಕಾಂಪೌಂಡರ್ ವಯಸ್ಸಾದ ಮನುಷ್ಯ. ಹತ್ತಿ ಸುತ್ತುತ್ತಿದ್ದವನು ತಲೆ ಎತ್ತದೆಯೇ ಅಂದ: "ಅಜ್ಜಿ, ಇದು ಹಲ್ಲಿನ ಆಸ್ಪತ್ರೆ. ದೋಬಿಖಾನೆ ಅಲ್ಲ."

"ಗೊತ್ತು ಕಣಪ್ಪ. ದೋಬಿಖಾನೆಗೆ ಹೋದ್ರೆ ಬಂಡೆಗೆ ಒಗೀತಾರೆ ಅಂತ್ಲೇ ಇಲ್ಲಿಗೆ ಬಂದ್ವಿ."

ಕಾಂಪೌಂಡರ್ ಹೊರಗೆ ಹೋದ ಮೇಲೆಯೇ ಸೊಸೆ ಸೆರಗು ಇಳಿಸಿದ್ದು. ಕನ್ನಡಿ ಹಿಡಿದು ನೋಡಿದೆ. ಮೇಲಿನ ಸಾಲಿನ ಮುಂದಿನ ಆರು ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿಗಳು. ಕಾಫಿ ಕುಡಿದ ಲೋಟ ತೊಳೆಯದೆ ಬಿಟ್ಟರೆ ಅಂಚಿನಲ್ಲಿ ಒಣಗಿ ಕೂರುತ್ತದಲ್ಲ, ಆ ಬಣ್ಣ. ನಡುವಿನ ಎರಡರಲ್ಲಿ ಅದು ಹಳೇ ಬೆಲ್ಲದಷ್ಟು ಗಾಢವಾಗಿತ್ತು. ಹುಳುಕಿಲ್ಲ, ಅಲುಗಾಟವಿಲ್ಲ.

ಇದು ಕೊಳೆಯಲ್ಲ. ನಮ್ಮ ಸೀಮೆಯ ಕೆಲವು ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದವಡೆಯೊಳಗೆ ಹಲ್ಲು ಇನ್ನೂ ರೂಪಗೊಳ್ಳುತ್ತಿರುವ ಎಳೇ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳಿಗೆ ಕರೆ ಹಲ್ಲಿನ ಮೈಯೊಳಗೇ ಸೇರಿಬಿಡುತ್ತದೆ. ಬೇವಿನಕಡ್ಡಿ, ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಯಾವುದಕ್ಕೂ ಅದು ಜಗ್ಗುವುದಿಲ್ಲ.

"ಸಣ್ಣಾಕಿ ಇದ್ದಾಗಿಂದ ಹಿಂಗೇ ಅವೆಯೇನವ್ವ?"

"ಹೂಂ ಸಾಮಿ. ನಮ್ಮ ಕಡೆ ಹಟ್ಟ್ಯಾಗೆ ಎಲ್ರವೂ ಹಿಂಗೇ. ಗಂಡಸ್ರಿಗೆ ಮೀಸೆ ಐತೆ, ಮುಚ್ಕಂತೈತೆ. ನಮಗೆ ಸೆರಗೇ ಗತಿ."

ಆ ಮಾತಿನ ಬಿಗಿಗೆ ನಾನು ನಕ್ಕೆ. ಆಕೆಯೂ ನಕ್ಕಳೇನೋ, ಅಷ್ಟರಲ್ಲಿ ಸೆರಗು ಮೇಲೇರಿತ್ತು.

ಅದೇ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಇನ್‌ಲ್ಯಾಂಡ್ ಕಾಗದ ತೆಗೆದುಕೊಟ್ಟಳು. ಗಂಡ ಮಿಲಿಟರಿಯಲ್ಲಿ ಲಾರಿ ಓಡಿಸುವವನು. ಮದುವೆಯಾಗಿ ಇಪ್ಪತ್ತು ದಿನ ಮನೆಯಲ್ಲಿದ್ದು ಹೋದವನಿಗೆ ಆಮೇಲಿನ ಎರಡು ವರ್ಷದಲ್ಲಿ ಎರಡು ಸಲ ರಜೆ ಮಂಜೂರಾಗಿ ಎರಡು ಸಲವೂ ರದ್ದಾಗಿತ್ತು. ಓರೆ ಅಕ್ಷರದಲ್ಲಿ ಬರೆದಿದ್ದ: "ನೀನು ಕಳಿಸಿದ ಫೋಟೋದಾಗೆ ಬಾಯಿ ಮುಚ್ಕಂಡು ನನ್ನ ಮ್ಯಾಲೆ ಸಿಟ್ಟಾಗಿದ್ದಂಗೆ ಐತೆ. ನಗೋದೊಂದು ಕಳ್ಸು. ಮುಂದಿನ ತಿಂಗಳು ನಮ್ಮನ್ನ ಮ್ಯಾಲಿನ ಪೋಸ್ಟಿಗೆ ಹಾಕ್ತಾರೆ. ಮಂಜು ಬಿದ್ರೆ ದಾರಿ ಮುಚ್ತೈತೆ, ಬ್ಯಾಸಿಗೆ ತಂಕ ಟಪಾಲು ಇಲ್ಲ. ಅಷ್ಟ್ರಾಗೆ ಕಳ್ಸು. ನೀನು ನಕ್ಕಿದ್ದು ನಾನು ಒಂದೇ ಒಂದು ಸಲ ನೋಡೀನಿ."

"ಇದನ್ನ ಮೇಷ್ಟ್ರು ಕಟ್ಟೆ ಮ್ಯಾಲೆ ಕುಂತು ಎಲ್ರ ಮುಂದೆ ಓದಿದ್ರು ಸಾಮಿ," ಅಂದಳು ಅತ್ತೆ. "ಹಟ್ಟಿ ಮಂದಿ ಒಂದು ವಾರ ಇವಳನ್ನ ಕಂಡ ಕಂಡಲ್ಲಿ 'ನಗೇ, ನಗೇ' ಅಂತ ಆಡ್ಕಂಡ್ರು."

ಸೊಸೆ ನೆಲ ನೋಡುತ್ತ ಹೇಳಿದಳು: "ಅಲ್ಲಿ ಸಿಪಾಯಿಗಳೆಲ್ಲಾ ಹೆಂಡ್ರ ಫೋಟೋನ ಗ್ವಾಡೆಗೆ ಅಂಟಿಸ್ಕಂಡಿರ್ತಾರಂತೆ. ಎಲ್ರೂ ನೋಡ್ತಾರೆ. ಅವ್ರ ನಡುವೆ ನಂದು ಈ ಬಾಯಿ ಇಟ್ಕಂಡು…"

ಪಕ್ಕದ ಹಟ್ಟಿಯ ಇನ್ನೊಬ್ಬ ಸಿಪಾಯಿ ರಜೆಗೆ ಬಂದಿದ್ದನಂತೆ. ನವಮಿಗೆ ನಾಲ್ಕು ದಿನ ಮುಂಚೆ, ಶುಕ್ರವಾರ, ಅವನು ದುರ್ಗದ ಮೇಲೆ ಹಾದು ವಾಪಸ್ಸು ಹೊರಡುತ್ತಾನೆ. ಫೋಟೋ ಅವನ ಕೈಯಲ್ಲಿ ಹೋಗಬೇಕು. ತಪ್ಪಿದರೆ ಬೇಸಿಗೆ.

ಆಗುವುದಿಲ್ಲ ಅಂತ ಹೇಳಿ ಕಳಿಸಬಹುದಿತ್ತು. ಇಂಥ ಕರೆ ತೆಗೆದು ಹಲ್ಲು ಬಿಳಿ ಮಾಡುವ ಕೆಲಸವನ್ನು ನಾನು ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದೆನೇ ಹೊರತು ಸ್ವಂತ ಕೈಯಲ್ಲಿ ಮಾಡಿದವನಲ್ಲ. ಆದರೆ ನನ್ನನ್ನು ಸಾಕಿದ ಅಜ್ಜಿಯ ನೆನಪಾಯಿತು. ಹೊಸದುರ್ಗದ ಮಾಡದಕೆರೆಯಲ್ಲಿ ಆಕೆಯ ಮಡಿಲಲ್ಲೇ ನಾನು ಮಾತು ಕಲಿತದ್ದು. ಗಾದೆ ಹೇಳಿ ಊರನ್ನೆಲ್ಲ ನಗಿಸುತ್ತಿದ್ದವಳು, ತಾನು ನಗುವಾಗ ಮಾತ್ರ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಅವಳ ಹಲ್ಲೂ ಇದೇ ಬಣ್ಣ. ನಾನು ಹಲ್ಲಿನ ಡಾಕ್ಟರಾಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಎದುರಿಗೆ ಕೂತು ಅವಳು ನಕ್ಕದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಈ ಹುಡುಗಿಯ ಗಂಡ ನನಗಿಂತ ಒಂದು ಸಲ ಮುಂದಿದ್ದ.

"ಮುಂದಿನ ಮಂಗಳವಾರ ಬರ್ರಿ. ನೋಡಾಣ," ಅಂದೆ.

ಆ ಒಂದು ವಾರ ತಯಾರಿಯಲ್ಲೇ ಕಳೆಯಿತು. ಬೇಕಾದದ್ದು ಮೂರು ದ್ರವ. ಒಂದು, ಮೂವತ್ತು ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್. ಕಿವಿ ಸೋರಿದರೆ ಬಿಡುವ ನೊರೆ ಔಷಧಿ ಇದರ ಬಡಕಲು ತಮ್ಮ. ಅಣ್ಣ ಮೈಗೆ ತಾಗಿದರೆ ಚರ್ಮ ಕ್ಷಣದಲ್ಲಿ ಬಿಳಿಚಿ ಸೂಜಿ ಚುಚ್ಚಿದಂತೆ ಉರಿಯುತ್ತದೆ. ಎರಡು, ಕಟುವಾದ ಹೈಡ್ರೋಕ್ಲೋರಿಕ್ ಆಮ್ಲ. ಮೂರು, ಆಪರೇಷನ್‌ಗೆ ಎಚ್ಚರ ತಪ್ಪಿಸಲು ಬಳಸುವ ಈಥರ್. ಆಮ್ಲ ಹಲ್ಲಿನ ಮೇಲ್ಪದರವನ್ನು ಕೂದಲೆಳೆಯಷ್ಟು ಸವೆಸುತ್ತದೆ, ಈಥರ್ ಜಿಡ್ಡು ತೆಗೆಯುತ್ತದೆ, ಪೆರಾಕ್ಸೈಡ್ ಒಳಗೆ ಇಳಿದು ಬಣ್ಣವನ್ನು ಕೊಲ್ಲುತ್ತದೆ.

ಪೆರಾಕ್ಸೈಡಿಗೆ ಕಾಂಪೌಂಡರನ್ನು ಬೆಂಗಳೂರಿಗೆ ಕಳಿಸಿದೆ. ಕಂದು ಬಣ್ಣದ ಬಾಟಲಿಯನ್ನು ಒದ್ದೆ ಭತ್ತದ ಹೊಟ್ಟಿನಲ್ಲಿ ಹೂತು, ಬಸ್ಸಿನಲ್ಲಿ ಇಡೀ ದಾರಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. "ಕೂಸಿನಂಗೆ ತಂದೀನಿ ಸಾರ್. ಹೆಂಡ್ತಿ ಹೆತ್ತದ್ದನ್ನೂ ಇಷ್ಟು ಜ್ವಾಪಾನ ಮಾಡಿರ್ಲಿಲ್ಲ." ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಶಾಖ, ಬೆಳಕು ತಾಗಿದರೆ ಆ ಔಷಧಿ ಸುಮ್ಮನೆ ನೀರಾಗುತ್ತ ಹೋಗುತ್ತದೆ. ಕತ್ತಲೆ ಮೂಲೆಯಲ್ಲಿ ಒದ್ದೆ ಮರಳು ತುಂಬಿದ ಮಡಕೆಯೊಳಗೆ ಬಾಟಲಿಯ ಕುತ್ತಿಗೆಯವರೆಗೆ ಹೂತಿಟ್ಟೆವು.

ನಾನು ಕಿತ್ತ ಹಲ್ಲುಗಳನ್ನೆಲ್ಲ ಜಾಡಿಯಲ್ಲಿ ನೀರು ಹಾಕಿ ಇಟ್ಟುಕೊಳ್ಳುವ ಅಭ್ಯಾಸವಿತ್ತು. ಅದರಿಂದ ಕರೆ ಹಿಡಿದ ಹನ್ನೊಂದು ಹಲ್ಲು ಆರಿಸಿ, ಮೇಣದ ಹಲಗೆಯಲ್ಲಿ ನೆಟ್ಟು, ಅವುಗಳ ಮೇಲೆ ಕೈ ಪಳಗಿಸಿಕೊಂಡೆ. ಮೊದಲ ಮೂರರಲ್ಲಿ ಆಮ್ಲ ಹೆಚ್ಚು ಹೊತ್ತು ನಿಂತು ಹಲ್ಲು ಸೀಮೆಸುಣ್ಣದಂತೆ ಒರಟಾಯಿತು. ಹೊತ್ತು ತಗ್ಗಿಸಿ, ನಡುನಡುವೆ ತೊಳೆಯುತ್ತ ಹೋದ ಮೇಲೆ ಏಳನೆಯದರಿಂದ ದಾರಿ ಸಿಕ್ಕಿತು. ಬೆಲ್ಲದ ಬಣ್ಣ ಹೋಗಿ ಹಳೆ ದಂತದ ಬಣ್ಣ ಬಂತು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವರು ಬಂದರು. ಈಥರ್ ಇರುವ ಕಡೆ ಬೆಂಕಿ ಕೂಡದು. ಸ್ಪಿರಿಟ್ ದೀಪ ಆರಿಸಿ, ಕಿಟಕಿ ತೆರೆದು, ಕಾಂಪೌಂಡರನ ಬೀಡಿ ಕಟ್ಟನ್ನು ನಾನೇ ಇಸಿದುಕೊಂಡು ಹೊರಗಿನ ಗೂಡಿನಲ್ಲಿಟ್ಟೆ. ಸೊಸೆಯನ್ನು ಕುರ್ಚಿಯಲ್ಲಿ ಒರಗಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ, ತುಟಿಗೂ ಒಸಡಿಗೂ ದಪ್ಪಗೆ ವ್ಯಾಸಲಿನ್. ಅದರ ಮೇಲೆ ರಬ್ಬರಿನ ಹಾಳೆ. ಅದರಲ್ಲಿ ತೂತು ಮಾಡಿ ಹಲ್ಲುಗಳನ್ನಷ್ಟೇ ಹೊರಗೆ ಇಣುಕಿಸಿ, ಬುಡಕ್ಕೆ ದಾರ ಕಟ್ಟಿ, ಕೊನೆಯ ಹಲ್ಲಿಗೆ ಉಕ್ಕಿನ ಕ್ಲಿಪ್ಪು ಹಾಕಿ ಬಿಗಿಯಬೇಕು. ಹನಿ ಔಷಧಿಯೂ ಒಸಡಿಗೆ ಇಳಿಯಬಾರದು.

ಆರೂ ಹಲ್ಲಿಗೆ ಕೈ ಹಾಕಲಿಲ್ಲ. ಆಕೆಯ ಬಲಗಡೆಯ ಮೂರನ್ನು ಮಾತ್ರ ತೆಗೆದುಕೊಂಡೆ. "ಹೊಸ ಕೆಲಸ ಮಾಡುವಾಗ ಮೊದಲು ಅರ್ಧ ಮಾಡು, ಉಳಿದರ್ಧ ಸಾಕ್ಷಿಗಿರಲಿ," ಎಂದು ಪ್ರೊಫೆಸರು ಹೇಳುತ್ತಿದ್ದರು.

ಗಾಜಿನ ಬಟ್ಟಲಲ್ಲಿ ಮೂರೂ ದ್ರವವನ್ನು ಅಳೆದು ಬೆರೆಸಿದಾಗ ಸಣ್ಣಗೆ ಸೀಟಿ ಹೊಡೆದಂತೆ ಗುಳ್ಳೆ ಎದ್ದವು. ಹತ್ತಿಯ ತುಣುಕು ಅದ್ದಿ ಹಲ್ಲಿನ ಮೇಲಿಟ್ಟು ಗಡಿಯಾರ ನೋಡುತ್ತ ನಿಂತೆ. ತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ನಯವಾದ ಉಜ್ಜುಕಾಗದದ ಬಿಲ್ಲೆಯಿಂದ ಮೆಲ್ಲಗೆ ಒರೆಸಿ, ಮತ್ತೆ ಹೊಸ ಹತ್ತಿ. ಹೀಗೆ ನಾಲ್ಕು ಸುತ್ತು. ಅಷ್ಟು ಹೊತ್ತೂ ಆಕೆ ಮಿಸುಕಲಿಲ್ಲ. ಕುರ್ಚಿಯ ಕೈ ಹಿಡಿದ ಬೆರಳ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು.

ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಏನ್ ಮಾಡ್ತಾ ಇದೀರಿ ಸಾಮಿ, ಇಷ್ಟೊತ್ತು?"

ಇಲ್ಲಿ ನಾನು ತಪ್ಪಿದೆ. ಪೆರಾಕ್ಸೈಡು ಗಿರಾಕ್ಸೈಡು ಎಂದು ಹೇಳಿದರೆ ಅವಳಿಗೆ ತಿಳಿಯದು. ತಿಳಿಯುವಂತೆ ಹೇಳುವುದು ನನ್ನ ಹೆಮ್ಮೆ. ಅಜ್ಜಿಯಿಂದ ಬಂದ ನಾಲಿಗೆ ಅದು, ಯಾವುದಕ್ಕೂ ಒಂದು ಹೋಲಿಕೆ ಸಿದ್ಧ. ಊರೆಲ್ಲ ನವಮಿಗೆ ಸುಣ್ಣ ಹೊಡೆಯುವ ಕಾಲ ಬೇರೆ.

"ಗ್ವಾಡೆಗೆ ಸುಣ್ಣ ಹೊಡೀತೀವಲ್ಲವ್ವ, ಹಂಗೇ ಅಂತ ತಿಳ್ಕಳ್ರಿ. ಮೊದ್ಲು ಕೆರೀಬೇಕು. ಆಮ್ಯಾಲೆ ಒಂದು ಕೈ. ಒಣಗಿದ ಮ್ಯಾಲೆ ಎರಡನೇ ಕೈ. ಇವತ್ತು ಒಂದು ಕಡೆ ಮೊದಲ್ನೇ ಕೈ ಆಯ್ತು. ಬರೋ ಮಂಗಳವಾರ ಆ ಕಡೆಗೂ ಹಾಕಿ ಎರಡನೇ ಕೈ ಹೊಡೆದ್ರೆ ಮುಗೀತು."

"ಇಷ್ಟೇನಾ!" ಎಂದು ಅತ್ತೆ ತಲೆದೂಗಿದಳು. ನಾನು ಹಿಗ್ಗಿದೆ.

ರಬ್ಬರು ಬಿಚ್ಚಿ ಬಾಯಿ ತೊಳೆಸಿ ಕೈಗನ್ನಡಿ ಕೊಟ್ಟೆ. ಬಲಗಡೆಯ ಮೂರು ಹಲ್ಲು ದಂತದಂತೆ ತೆಳುವಾಗಿ ಹೊಳೆಯುತ್ತಿದ್ದವು, ಎಡಗಡೆಯ ಮೂರು ಹಾಗೇ ಇದ್ದವು. ಆಕೆ ಕನ್ನಡಿಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಸರಿಸಿದಳು. ಕೊನೆಗೆ ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ಬಿಗಿಯಾಗಿತ್ತು.

"ನೋವಾತೇನವ್ವ?"

"ಇಲ್ಲ ಸಾಮಿ. ಇವು ನನ್ನವೇನಾ ಅಂತ."

ಒಂದು ವಾರ ಎಲೆಅಡಿಕೆ, ಕಾಫಿ, ಹುಳಿ ಏನೂ ಮುಟ್ಟಬಾರದು, ಬಣ್ಣದ್ದು ತಿನ್ನಬಾರದು ಎಂದು ಹೇಳಿದೆ. "ಮುದ್ದೆ?" ಎಂದಳು ಗಾಬರಿಯಲ್ಲಿ. ರಾಗಿಮುದ್ದೆಯ ಬಣ್ಣ ನನಗೆ ಹೊಳೆದಿರಲೇ ಇಲ್ಲ. "ಮುದ್ದೆ ನುಂಗೋದಲ್ವಾ, ಅದಕ್ಕೆ ಹಲ್ಲಿನ ಹಂಗಿಲ್ಲ, ಉಣ್ಣು," ಎಂದೆ. ಮೂವರೂ ನಕ್ಕೆವು. ಆಕೆ ಸೆರಗಿನೊಳಗೆ.

ಮುಂದಿನ ಮಂಗಳವಾರಕ್ಕೆ ಕಾಯುತ್ತಿದ್ದೆ. ಸೋಮವಾರವೇ ಬಂದರು.

ಅತ್ತೆ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಸೊಸೆ ಸೆರಗು ತೆಗೆದಾಗ ಕಾಂಪೌಂಡರನ ಕೈಯಿಂದ ಹತ್ತಿ ಉರುಳಿ ಬಿತ್ತು. ಎಡಗಡೆಯ ಮೇಲ್ತುಟಿ ಊದಿಕೊಂಡಿತ್ತು. ಒಳಗೆ ಒಸಡು ಬೆಂದು ಬಿಳಿ ಪೊರೆ ಎದ್ದಿತ್ತು, ಪೊರೆ ಸುಲಿದಲ್ಲಿ ಕೆಂಪು ಹಸಿಗಾಯ.

"ಏನು ಹಚ್ಚಿದ್ರಿ?"

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು: "ಸುಣ್ಣ ಸಾಮಿ. ಮನೆಗೆ ಹೊಡೆಯೋಕೆ ಕಲಸಿಟ್ಟಿದ್ದೆ. ಬಸ್ಸಿನಾಗೆ ಈ ಹುಡುಗಿ ವಾಂತಿ ಮಾಡ್ಕಂತಾಳೆ, ಇನ್ನೊಂದು ಸಲ ಯಾಕೆ ಅಲೆದಾಡಿಸ್ಲಿ, ಆ ಕಡೆಗೆ ನಾನೇ ಒಂದು ಕೈ ಹಾಕಿಬಿಡಾಣ ಅಂತ… ಇದ್ದಿಲಲ್ಲಿ ಕೆರೆದು, ಬಟ್ಟೆ ಸುತ್ತಿದ ಕಡ್ಡೀಲಿ ಹಚ್ಚಿದೆ. ಒಣಗಿದ ಮ್ಯಾಲೆ ಎರಡನೇ ಕೈನೂ ಹಾಕ್ದೆ. ನೀವೇ ಹೇಳಿದ್ರಲ್ಲ ಸಾಮಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಕಲಿಸಿದ ಪಾಠವನ್ನು ಒಪ್ಪಿಸಿ ಯಾಕೆ ತಪ್ಪಾಯಿತು ಎಂದು ಕೇಳುವಂತಿತ್ತು. ಅವಳು ಒಂದು ಹಂತವನ್ನೂ ಬಿಟ್ಟಿರಲಿಲ್ಲ. ಕೆರೆಯುವುದು, ಒಂದು ಕೈ, ಒಣಗಿಸುವುದು, ಎರಡನೇ ಕೈ: ನಾನು ಹೇಳಿದ ಕ್ರಮವೇ.

"ತಪ್ಪು ನಿಮ್ಮದಲ್ಲವ್ವ, ನನ್ನದು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಳು.

ಅರ್ಧ ಗಂಟೆ ಬರೀ ನೀರು ಹಾಯಿಸಿ ತೊಳೆದೆ. ಸಂದಿಗಳಲ್ಲಿ ಕೂತಿದ್ದ ಸುಣ್ಣದ ಹರಳನ್ನು ಒಂದೊಂದಾಗಿ ತೆಗೆದು ಗ್ಲಿಸರಿನ್ ಸವರಿದೆ. ಹಲ್ಲಿನ ಮೇಲೆ ಹತ್ತಿದ್ದ ಬಿಳುಪು ಬೆರಳಲ್ಲಿ ಉಜ್ಜಿದರೆ ಉದುರಿತು. ಕೆಳಗೆ ಅದೇ ಬೆಲ್ಲದ ಬಣ್ಣ. ಆಕೆ ನಡುನಡುವೆ ಕೈಬೆರಳು ಮಡಿಚಿ ಎಣಿಸುತ್ತಿದ್ದಳು. ಮಂಗಳವಾರ, ಬುಧವಾರ, ಗುರುವಾರ. ಶುಕ್ರವಾರ ಸಿಪಾಯಿ ಹೊರಡುತ್ತಾನೆ.

"ನಾಳೆ ಮಂಗಳವಾರ ಅಲ್ವಾ ಸಾಮಿ? ನಾಳೆ ಮಾಡಿಬಿಡ್ರಿ."

"ಆಗಲ್ಲವ್ವ."

"ಉರಿ ತಡ್ಕಂತೀನಿ."

"ಉರಿ ಮಾತಲ್ಲ."

"ಹೋದ ವಾರ ಮಿಸುಕಿದ್ನೇನು ನಾನು? ಈ ಸಲಾನೂ ಮಿಸುಕಲ್ಲ. ಮೂರೇ ಹಲ್ಲು ಸಾಮಿ!"

ಆಗಲೇ ತೀರ್ಮಾನ ಮಾಡಬೇಕಿತ್ತು, ಮಾಡಿದೆ. ಬೆಂದ ಒಸಡಿಗೆ ದಾರ ಬಿಗಿಯಲಾಗದು, ಕ್ಲಿಪ್ಪು ನಿಲ್ಲದು, ರಬ್ಬರಿನ ಅಡಿಗೆ ಆಮ್ಲ ಇಳಿದರೆ ಹಸಿಗಾಯದಲ್ಲಿ ಎಲ್ಲಿಗೆ ಮುಟ್ಟೀತೋ ಹೇಳಲಾಗದು. ಹಲ್ಲು ಬೆಳ್ಳಗಾಗಿ ಒಸಡು ಕಳೆದುಕೊಂಡರೆ ಆ ಹಲ್ಲು ಯಾರಿಗೆ? ಮರಳಿನ ಮಡಕೆಯಲ್ಲಿ ಬಾಟಲಿ ಇನ್ನೂ ಕಾಲುಭಾಗ ತುಂಬಿತ್ತು. ಇಲ್ಲ ಅಂದೆ. ಆಕೆ ಎರಡು ಕೈ ಜೋಡಿಸಿದಳು. ಮತ್ತೆ ಇಲ್ಲ ಅಂದೆ. ಆಮೇಲೆ ಆಕೆ ಕೇಳಲಿಲ್ಲ. ಕೇಳದೆ ಹೋದದ್ದೇ ಹೆಚ್ಚು ಕಷ್ಟವಾಯಿತು.

"ಬುಧವಾರ ಬರ್ರಿ. ಅಷ್ಟ್ರಾಗೆ ತುಟಿ ಊತ ಇಳೀತೈತೆ. ಫೋಟೋದವ್ರ ಹತ್ರ ನಾನೇ ಕರ್ಕಂಡು ಹೋಗ್ತೀನಿ. ಅಲ್ಲಿ ಏನಾರ ಉಪಾಯ ಸಿಗ್ತೈತೇನೋ ನೋಡಾಣ."

ಉಪಾಯವನ್ನು ಕೊಟ್ಟವನು ನನ್ನ ಗೆಳೆಯ, ಕೆಳಗಿನ ಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೋಗ್ರಾಫರ್. ಸಂಜೆ ಹೋಗಿ ಕಷ್ಟ ಹೇಳಿಕೊಂಡರೆ ಅವನು ಬಿದ್ದು ಬಿದ್ದು ನಕ್ಕ. "ಅಲ್ಲಯ್ಯ, ಫೋಟೋಕ್ಕೋಸ್ಕರ ಆಸಿಡ್ ಹಾಕಿದ್ಯಾ? ನೆಗೆಟಿವ್ ಮೇಲೆ ಪೆನ್ಸಿಲಲ್ಲಿ ಎರಡು ಸಲ ತೀಡಿದ್ರೆ ಹಲ್ಲು ಮಲ್ಲಿಗೆ ಮೊಗ್ಗಾಗ್ತವೆ. ಮದುವೆ ಹೆಣ್ಣುಗಳಿಗೆಲ್ಲಾ ನಾನು ಮಾಡೋದೇ ಅದು. ಮೊದ್ಲೇ ನನ್ನತ್ರ ಕಳಿಸಬಾರದಿತ್ತಾ?"

ಎರಡು ವಾರದ ಕೆಲಸ ಒಂದು ಪೆನ್ಸಿಲಿನ ಮುಂದೆ ನಾಚಿತು. ಆದರೂ ಸಮಾಧಾನವಾಯಿತು.

ಬುಧವಾರ ಸ್ಟುಡಿಯೋದ ಪರದೆಯ ಮುಂದೆ ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿ ಗೆಳೆಯ ಪೆನ್ಸಿಲಿನ ವಿಷಯ ಬಿಡಿಸಿ ಹೇಳಿದ. ಈ ಸಲ ಹೋಲಿಕೆ ಗೀಲಿಕೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳು ಎಂದು ಮೊದಲೇ ತಾಕೀತು ಮಾಡಿದ್ದೆ. ಆಕೆ ಎಲ್ಲವನ್ನೂ ಕೇಳಿದಳು.

"ಅಂದ್ರೆ ಪಟದಾಗೆ ಮಾತ್ರ ಬೆಳ್ಳಗೆ."

"ಹೂಂ ತಾಯಿ. ಪಟ ನೋಡೋರಿಗೆ ಗೊತ್ತೇ ಆಗಲ್ಲ."

"ಬ್ಯಾಡ."

"ಯಾಕೆ?"

"ಪಟದಾಗೆ ಸುಳ್ಳು ಬಾಯಿ ಕಳ್ಸಿ, ಅವ್ರು ಬಂದಾಗ ಯಾವ ಬಾಯಿ ತೋರಿಸ್ಲಿ?"

ಗೆಳೆಯ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕುತ್ತ ಅವನು, "ಹಂಗಾದ್ರೆ ಇದ್ದಂಗೇ ತೆಗೀತೀನಿ. ನಗಬೇಕು, ಗೊತ್ತಾತಾ?" ಎಂದ.

ನಗು ಬರಬೇಕಲ್ಲ. ತುಟಿ ಬಿಚ್ಚಿದರೆ ಮುಖ ಅಳುವಂತಾಗುತ್ತಿತ್ತು. ಒಂದು ಸಲ, ಎರಡು ಸಲ, ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಗೆಳೆಯ ಬೆವರಿದ. ಅಷ್ಟು ಹೊತ್ತು ಮೂಲೆಯಲ್ಲಿ ತಪ್ಪಿತಸ್ಥಳಂತೆ ಕುಕ್ಕರುಗಾಲಲ್ಲಿ ಕೂತಿದ್ದ ಅತ್ತೆ ಎದ್ದು ಕ್ಯಾಮೆರಾದ ಪಕ್ಕ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಲೇ, ನಗೇ! ನಿನ್ ಗಂಡನ್ನ ಹೆರುವಾಗ್ಲೂ ನಾನು ಇಷ್ಟು ತಿಣುಕಿರ್ಲಿಲ್ಲ!"

ಸೊಸೆ ನಕ್ಕಳು. ತಲೆ ಹಿಂದಕ್ಕೆ ಹೋಗಿ, ಕಣ್ಣು ಸಣ್ಣಗಾಗಿ, ಆರೂ ಹಲ್ಲು ಕಾಣುವಂತೆ. ಕೈ ಮಡಿಲಲ್ಲೇ ಮರೆತುಹೋಗಿತ್ತು. ಕ್ಲಿಕ್ ಎಂದಿತು. ಅತ್ತೆಯೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ವರ್ಷ ಮಗನನ್ನು ನೋಡದಿದ್ದವಳು ಅವಳೂ ಹೌದು ಎಂಬುದು ನನಗೆ ಆಗ ನೆನಪಾಯಿತು.

ಗುರುವಾರ ಫೋಟೋ ಕೈಗೆ ಬಂತು. ಮೂರು ಹಲ್ಲು ಬಿಳಿ, ಮೂರು ಕಪ್ಪು. ಅರ್ಧ ಸುಣ್ಣ ಹೊಡೆದು ಬಿಟ್ಟ ಗೋಡೆ. ಆ ಹೋಲಿಕೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಶುಕ್ರವಾರ ಬಸ್ ಸ್ಟ್ಯಾಂಡಿನಲ್ಲಿ ಕಾಂಪೌಂಡರ್ ಅದನ್ನು ಸಿಪಾಯಿಯ ಕೈಗೆ ಕೊಟ್ಟು ಬಂದ.

ಆಮೇಲೆ ಚಳಿಗಾಲ. ದುರ್ಗದ ಚಳಿ ಹೆಚ್ಚೇನಲ್ಲ, ಕೋಟೆಯ ಬಂಡೆ ಹಗಲಿಡೀ ಕಾದು ಸಂಜೆ ಬಿಸಿಯುಸಿರು ಬಿಡುತ್ತದೆ. ಆದರೂ ಬೆಳಿಗ್ಗೆ ಕೈ ತೊಳೆಯುವಾಗ ನೀರು ತಣ್ಣಗೆ ಕೊರೆದರೆ ಮಂಜು ನೆನಪಾಗುತ್ತಿತ್ತು. ಒಸಡು ಮಾಗಿತೆಂದು ಒಮ್ಮೆ ಬಂದು ತೋರಿಸಿ ಹೋದರು. ಚೆನ್ನಾಗಿ ಮಾಗಿತ್ತು. ಉಳಿದ ಮೂರು ಮಾಡೋಣವೇ ಎಂದು ಕೇಳಿದೆ. "ಕಾಗದ ಬರ್ಲಿ ಸಾಮಿ," ಅಂದಳು. ವಾರಕ್ಕೊಮ್ಮೆ ಬಾಟಲಿಯ ಮರಳಿಗೆ ನೀರು ಚಿಮುಕಿಸುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಒಂದು ಹನಿ ಬೆರಳಿಗೆ ಹಾಕಿಕೊಂಡು ನೋಡಿದರೆ ಚರ್ಮ ಬಿಳಿಚುವುದಕ್ಕೆ ತಡವಾಯಿತು. ಶಿವರಾತ್ರಿಯ ಹೊತ್ತಿಗೆ ಬಿಳಿಚಲೇ ಇಲ್ಲ. ಆದರೂ ಚೆಲ್ಲಲಿಲ್ಲ.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಸೊಸೆ ಒಬ್ಬಳೇ ಬಂದಳು. ಒಡೆಯದ ಇನ್‌ಲ್ಯಾಂಡ್ ಕಾಗದ ಕೈಯಲ್ಲಿತ್ತು.

"ಮೇಷ್ಟ್ರ ಕೈಗೆ ಕೊಡ್ಲಿಲ್ಲ ಸಾಮಿ. ಹಲ್ಲಿನ ಇಚಾರ ಬರ್ದಿರ್ತಾರೆ, ಹಟ್ಟಿ ಮುಂದೆ ಬ್ಯಾಡ ಅಂತ.  'ನೀನೇ ಹೋಗಿ ಓದಿಸ್ಕಂಡು ಬಾ, ನಾನು ಬಂದ್ರೆ ಮತ್ತೇನಾರ ಕೆಡಿಸ್ತೀನಿ' ಅಂದ್ಲು ಅತ್ತೆ."

ಕಾಂಪೌಂಡರ್ ತಾನಾಗಿ ಎದ್ದು ಹೊರಗೆ ಹೋದ. ನಾನು ಕಾಗದ ಬಿಡಿಸಿ ಓದಿದೆ. ಕುಶಲ, ಅವ್ವನ ಮಂಡಿನೋವು, ಕುರಿಗಳ ಲೆಕ್ಕ. ಆಮೇಲೆ:

"ಫೋಟೋ ಮುಟ್ಟಿತು. ಮಂಜಿನಾಗೆ ಅಷ್ಟೂ ತಿಂಗಳು ಜೇಬಿನಾಗೇ ಇತ್ತು. ಗ್ವಾಡೆಗೆ ಅಂಟಿಸ್ಲಿಲ್ಲ. ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕಬ್ಯಾಡ. ಬಲಗಡೆ ಮೂರು ಹಲ್ಲು ನಮ್ಮ ಕಡೆ ಬಾವಿಯವು, ಗುರ್ತು ಸಿಕ್ತು. ಎಡಗಡೆ ಮೂರು ಯಾವೂರವು?"

ಎಡಗಡೆ ಎಂದದ್ದನ್ನು ಓದಿ ತಡವರಿಸಿದೆ. ನಾನು ಮಾಡಿದ್ದು ಬಲಗಡೆಯ ಮೂರು. ಮರುಕ್ಷಣ ಹೊಳೆಯಿತು: ಅವನು ಆಕೆಯ ಎದುರಿಗೆ ಕೂತವನ ಎಡವನ್ನು ಬರೆದಿದ್ದ.

"ಚೆಂದ ಅವೆ. ಅಲ್ಲ ಅನ್ನಲ್ಲ. ಆದ್ರೆ ಮಿಕ್ಕ ಮೂರನ್ನ ಯಾರಿಗೂ ಕೊಡಬ್ಯಾಡ. ನಾನು ಬಂದು ಒಂದು ಸಲ ಕಣ್ಣಾರೆ ನೋಡೋತಂಕ ಹಂಗೇ ಇಟ್ಟಿರು. ಇಲ್ಲಿ ಎಲ್ಲಾ ಬಿಳೀದೇ ಐತೆ. ಅಷ್ಟೂ ತಿಂಗಳು ಬಿಳೀದು ನೋಡಿ ನೋಡಿ ಸಾಕಾಗೈತೆ. ಆಮ್ಯಾಲೆ ನಿನ್ನಿಷ್ಟ."

ಓದಿ ಮುಗಿಸಿದೆ. ಆಕೆ ಇನ್ನೊಂದು ಸಲ ಓದಿಸಿದಳು. ಮೂರನೇ ಸಲ "ಯಾವೂರವು" ಎಂಬಲ್ಲಿಂದ ಮಾತ್ರ. ಹೊರಗೆ ಯಾವುದೋ ಬಸ್ಸಿನ ಹಾರ್ನು ಕೇಳಿತು.

"ಆ ಬಾಟ್ಲಿ ಇನ್ನೂ ಐತಾ ಸಾಮಿ?"

"ಐತೆ. ಆದ್ರೆ ಶಕ್ತಿ ಹೋಗೈತೆ ಕಣವ್ವ. ಬೇಕಂದ್ರೆ ಹೊಸದು ತರಿಸ್ತೀನಿ."

"ಬ್ಯಾಡ. ಚೆಲ್ಲಿಬಿಡ್ರಿ." ಸೆರಗಿನ ಗಂಟಿನಿಂದ ಹೊಸ ಇನ್‌ಲ್ಯಾಂಡ್ ತೆಗೆದು ಮೇಜಿನ ಮೇಲಿಟ್ಟಳು. "ಜವಾಬು ಬರ್ಕೊಡ್ರಿ."

"ಹೇಳವ್ವ."

"'ಮೂರು ಹಲ್ಲು ಕಾಯ್ಕಂಡು ಕುಂತವೆ. ಜಲ್ದಿ ಬಾ.'"

ಬರೆದೆ. ಪೆನ್ನು ಎತ್ತಿ ನೋಡಿದೆ. "ಇನ್ನೇನು?"

"ಅಷ್ಟೇ."

ನೀಲಿ ಕಾಗದದ ತುಂಬ ಜಾಗ ಉಳಿದಿತ್ತು. ಚೆಂದವಾಗಿ ತುಂಬಿಸಬಹುದಾಗಿದ್ದ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು, ಕೈಯೂ ತುರಿಸಿತು. ಒಂದಕ್ಷರವನ್ನೂ ಸೇರಿಸದೆ ಮಡಿಚಿ, ಅಂಚಿಗೆ ಅಂಟು ಹಚ್ಚಿ, ವಿಳಾಸ ಬರೆದು ಕೊಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ನನ್ನ ಎದುರಿಗೇ ನಿಂತು ನಕ್ಕಳು, ಇತ್ತ ಮೂರು ಅತ್ತ ಮೂರು. ಎರಡೂ ಕೈಯಲ್ಲಿ ಕಾಗದವಿತ್ತು, ಸೆರಗು ಹಿಡಿಯಲು ಕೈ ಇರಲಿಲ್ಲ.